ಹಿತ್ತಲ ಹುಲಿಪತಂಗ

“ಪೊರಕೆ ಹಿಡಿಯೋನು ಹುಲಿಪತಂಗದ ವಿಳಾಸ ಹೇಳೋಕೆ ಬಂದ! ಮೊದ್ಲು ನಿನ್ನ ಮೀಸೆ ಯಾವ ಕಂಬಳಿಹುಳದ ವಂಶ ಅಂತ ಹೇಳಯ್ಯ!”

ಕೀಟ ಸಂಗ್ರಹಾಲಯದ ಮೇಲಧಿಕಾರಿ ಹೀಗೆಂದಾಗ ನೋಡಲು ಬಂದವರೆಲ್ಲ ಗೊಳ್ಳೆಂದರು. ಎಲ್ಲರೂ ಮೀಸೆ ಎಂದೇ ಕರೆಯುವ ಕಸ ಗುಡಿಸುವವನ ಕಿವಿ ಕಾದ ಹಂಚಾಯಿತು. ಅವನು ಕೇಳಿದ್ದಿಷ್ಟೆ: ಹಿತ್ತಲ ಕಳೆ ಕೊಯ್ಯಿಸಬೇಡಿ, ಅಲ್ಲಿ ಹುಲಿಪತಂಗಗಳಿವೆ. ದಿನಾ ಮಧ್ಯಾಹ್ನ ಅವನು ಅಲ್ಲೇ ಊಟಕ್ಕೆ ಕೂರುತ್ತಿದ್ದ. ಅವುಗಳ ಮರಿ ಕಂಬಳಿಹುಳುಗಳು ಅವನ ಮೊಣಕಾಲು ಹತ್ತಿ ಇಳಿಯುತ್ತಿದ್ದವು.

“ಸತ್ತ ಪತಂಗ ಇಟ್ಟಿರೋ ಈ ಗಾಜಿನ ಪೆಟ್ಟಿಗೆ ಮೇಲಿನ ಚೀಟಿ ನೋಡು. ವಾಸ: ಬೆಟ್ಟದ ಕಾಡು!”

“ಅದು ಹಳೇ ಚೀಟಿ ಸಾರ್. ಕೀಟಗಳ ಪಟ್ಟೀಲಿ ಹುಲಿಪತಂಗದ್ದು ಬೇರೇನೇ ಕುಟುಂಬ ಅಂತಾನೂ ಬರೆದಿದೆ. ಈಗ ವಿಜ್ಞಾನಿಗಳು ಅದನ್ನ ಇನ್ನೊಂದು ದೊಡ್ಡ ಕುಟುಂಬಕ್ಕೆ ಸೇರಿಸಿ ಉಪಕುಟುಂಬ ಮಾಡಿದಾರೆ ಅಂತ ಮೊನ್ನೆ ಭಾಷಣದಲ್ಲಿ ನೀವೇ ಅಂದ್ರಲ್ಲ?”

ಜನ ಈ ಸಲ ಮೇಲಧಿಕಾರಿಯನ್ನು ನೋಡಿ ನಕ್ಕರು.

“ಮೂರು ಗಂಟೆಗೆ ಕಳೆ ಕೊಯ್ಯೋ ಮಿಷನ್ ಬರತ್ತೆ. ಅಷ್ಟರಲ್ಲಿ ಒಂದನ್ನ ಸೂಜಿಗೆ ಚುಚ್ಚಿ ತಂದು ನನ್ನ ಮೇಜಿನ ಮೇಲಿಡು. ಆಮೇಲೆ ನಂಬ್ತೀನಿ!”

ಅರ್ಧ ಗಂಟೆಯಲ್ಲಿ ಪತಂಗ ಸಿಕ್ಕಿತು. ಬಿಳಿ ಪಟ್ಟೆಯ ಕಪ್ಪು ರೆಕ್ಕೆಗಳನ್ನು ಮನೆಯ ಮಾಡಿನಂತೆ ಮಡಚಿ ಎಲೆಯಡಿ ಮಲಗಿತ್ತು. ಮೀಸೆ ಅದನ್ನು ಊಟದ ಡಬ್ಬಿಯಲ್ಲಿಟ್ಟು ತಂದ.

“ಫ್ರಿಜ್ಜಲ್ಲಿಡಪ್ಪ, ನಿದ್ದೆ ಮಾಡ್ದಂಗೆ ಪ್ರಾಣ ಹೋಗತ್ತೆ,” ಎಂದಳು ಟಿಕೆಟ್ ಕೊಡುವ ಅಕ್ಕ.

“ಒಂದು ಹೋದ್ರೆ ನೂರು ಉಳಿಯತ್ತೆ ಕಣೋ,” ಎಂದು ಕಾವಲುಗಾರ ತಾತ ಸೂಜಿಯನ್ನೇ ತಂದುಕೊಟ್ಟ.

ಸೂಜಿಯನ್ನು ಪಕ್ಕಕ್ಕಿಟ್ಟು, ಇನ್ನೊಂದು ಸಲ ನೋಡೋಣವೆಂದು ಮೀಸೆ ಪತಂಗವನ್ನು ಅಂಗೈಗೆ ಸುರಿದುಕೊಂಡ. ಅದು ಕಾಲು ಮುದುರಿ ಅಂಗಾತ ಬಿತ್ತು.

“ಅಯ್ಯೋ, ಹೆದರ್ಕೊಂಡೇ ಸತ್ತೋಯ್ತಲ್ಲೋ!” ಎಂದ ತಾತ.

ಮೀಸೆಯ ಮೀಸೆ ಒದ್ದೆಯಾಯಿತು. ಹೊರಗೆ ಮಿಷನ್ ಗುಡುಗುತ್ತಿತ್ತು. ಬೊಗಸೆಯಲ್ಲಿ ಹಿಡಿದು ಮೇಲಧಿಕಾರಿಯ ಮೇಜಿನ ಮೇಲಿಟ್ಟ. “ತಗೊಳ್ಳಿ ಸಾರ್.”

ಇಷ್ಟು ಹೊತ್ತು ಸತ್ತ ಹಾಗೆ ನಟಿಸುತ್ತಿದ್ದ ಪತಂಗ ಧಡಕ್ಕನೆ ಎದ್ದು, ಒಳಗಿನ ಕೆಂಪು ರೆಕ್ಕೆ ತೋರಿಸಿ, ಹಾರಿ ಮೇಲಧಿಕಾರಿಯ ಕನ್ನಡಕದ ಮೇಲೆ ಕೂತಿತು.

“ಯಾರೂ ಉಸಿರಾಡ್ಬೇಡಿ!” ಎಂದು ಪಿಸುಗುಟ್ಟಿದ ಮೇಲಧಿಕಾರಿ ಅಲುಗದೆ ಫೋನಿನಲ್ಲಿ ತನ್ನದೇ ಹತ್ತು ಫೋಟೊ ತೆಗೆದುಕೊಂಡ. ಮಿಷನ್ ವಾಪಸ್ ಹೋಯಿತು. ಗಂಟೆಯೊಳಗೆ ಕಳೆಯ ಸುತ್ತ ಹಗ್ಗ, ಹಗ್ಗಕ್ಕೊಂದು ಹೊಸ ಚೀಟಿ. ವಾಸ: ಹಿತ್ತಲು. ಕಂಡುಹಿಡಿದವರು: ಮೇಲಧಿಕಾರಿ.

ಕನ್ನಡಕದಿಂದ ಇಳಿಸಿದ ಪತಂಗವನ್ನು ಬೆರಳ ಮೇಲೆ ಕೂರಿಸಿಕೊಂಡು ಮೀಸೆ ಅಲ್ಲಿಗೆ ಬಂದಾಗ ಮೇಲಧಿಕಾರಿ ಎಲ್ಲರಿಗೂ ಹೇಳುತ್ತಿದ್ದ: “ಸೂಕ್ಷ್ಮ ಜಾಗ ಇದು. ಯಾರೋ ದಿನಾ ಇಲ್ಲಿ ಕೂತು ಊಟ ಮಾಡಿ ಹುಲ್ಲೆಲ್ಲ ಚಪ್ಪಟೆ ಮಾಡಿದಾರೆ. ಇನ್ಮೇಲೆ ಓದಿದವರನ್ನ ಬಿಟ್ಟು ಯಾರೂ ಒಳಗೆ ಕಾಲಿಡಂಗಿಲ್ಲ. ಏನೋ ಮೀಸೆ, ಗೊತ್ತಾಯ್ತಾ?”

ಮೀಸೆ ಹಗ್ಗದ ಮೇಲಿಂದ ಕೈ ಚಾಚಿದ. ಪತಂಗ ಬೆರಳು ಬಿಟ್ಟು ಎಲೆ ಹತ್ತುವವರೆಗೂ ಕಾದ. ಆಮೇಲೆ ಪೊರಕೆ ಎತ್ತಿಕೊಂಡು ನಡೆದುಬಿಟ್ಟ.