ಮಾವ, ಮೀಟರು ಮತ್ತು ಹರಿಹರದ ದಾರಿ

ನಮ್ಮ ಸೋದರಮಾವನಿಗೆ ಮನುಷ್ಯರ ಮಾತಿಗಿಂತ ಮೀಟರಿನ ಮೇಲೆ ನಂಬಿಕೆ ಜಾಸ್ತಿ. ಜೇಬಿನಲ್ಲಿ ಕರ್ಚೀಫು ಮರೆತಾರು, ವೋಲ್ಟೇಜ್ ಅಳೆಯುವ ಮೀಟರ್ ಮರೆಯುವವರಲ್ಲ. ನಿಜಲಿಂಗಪ್ಪ ಬಡಾವಣೆಯ ಅವರ ಮನೆಗೆ ಹೋದರೆ ಮೊದಲು ಕಾಫಿ ಬರುತ್ತದೆ ಅಂದುಕೊಂಡಿರಾ? ಮೊದಲು ನಿಮ್ಮ ಸ್ಕೂಟರಿನ ಬ್ಯಾಟರಿ ತಪಾಸಣೆ! ಮಗಳನ್ನು ನೋಡಲು ಬಂದ ಬೀಗರ ಎದುರೇ ಟಿ.ವಿ. ರಿಮೋಟಿನ ಸೆಲ್ ಅಳೆದು, "ಇದು ಇನ್ನೊಂದು ವಾರ ಅಷ್ಟೇ" ಎಂದು ಭವಿಷ್ಯ ನುಡಿದಿದ್ದರು. ಸಂಬಂಧ ಕುದುರಿತು. ರಿಮೋಟು ಐದನೇ ದಿನಕ್ಕೇ ಕಣ್ಣು ಮುಚ್ಚಿತು.

ಇಂಥವರ ಕಾರೇ ಕೈಕೊಟ್ಟರೆ ಹೇಗಿರಬೇಡ! ಲೈಟು ಮಂಕು, ಹಾರನ್ನಿಗೆ ನೆಗಡಿ. ಸ್ಟಾರ್ಟ್ ಆಗುವುದೇ ಅಪರೂಪ, ಆದರೂ ಹರಿಹರದ ದಾರಿಯಲ್ಲಿ ಸಿಗುವ ಬಾತಿ ಊರನ್ನು ದಾಟುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿಸಿದರು. ಆಗಲೂ ಕಾರನ್ನು ಬಾತಿಯಿಂದ ತಳ್ಳಿಕೊಂಡೇ ಬಂದೆವು.

ಅತ್ತೆಯ ಚಿಂತೆ ಬೇರೆ. ಅವರ ಅಕ್ಕ ಹರಿಹರದಲ್ಲಿ ಹಾಸಿಗೆ ಹಿಡಿದಿದ್ದರು. ಅತ್ತೆಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾಗದು. ಬೇರೆ ಯಾವ ಕಾರಿನಲ್ಲಿ ಕೂತರೂ ವಾಂತಿ. ಈ ಹಳೇ ಕಾರಿನ ಮುಂದಿನ ಸೀಟು ಮಾತ್ರ ಅವರಿಗೆ ಒಗ್ಗಿತ್ತು. ಅಕ್ಕನ ಮುಖ ನೋಡಿ ಐದು ತಿಂಗಳಾಗಿತ್ತು.

"ನಿಮ್ಮ ಮೀಟರ್ ಒಲಿಗೆ ಹಾಕ್ರಿ. ಅಕ್ಕನ್ನ ನೋಡಾಕ ಆಗ್ತೈತೋ ಇಲ್ಲೋ, ಅಷ್ಟು ಹೇಳ್ರಿ" ಎಂದರು ಅತ್ತೆ.

ಮಾವ ಬಾನೆಟ್ ಎತ್ತಿದರು. "ಲೇ, ನೀ ಕೀ ತಿರುವು." ನಾನು ತಿರುವಿದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕಾರಿನ ತಗಡಿನ ಮೈಗೆ.

"ಸಿಕ್ಕ ಕಳ್ಳ. ಎರಡೂವರೆ ವೋಲ್ಟ್ ಇಲ್ಲೇ ನುಂಗ್ತಾ ಐತೆ."

ಕಳ್ಳ ಎಂದರೆ ಬ್ಯಾಟರಿಯಿಂದ ಕಾರಿನ ಮೈಗೆ ಹೋಗುವ ಅರ್ತಿಂಗ್ ಕೇಬಲ್. ಅದನ್ನು ಕಾರಿಗೆ ಬಿಗಿದ ಬೋಲ್ಟೆಲ್ಲಿ? ವಿಭೂತಿಯ ಕೆಳಗೆ! ಪ್ರತಿ ಅಮಾವಾಸ್ಯೆ ಗಾಡಿ ಪೂಜೆಯಲ್ಲಿ ಎಲ್ಲರೂ ಬಾನೆಟ್ಟಿಗೆ ವಿಭೂತಿ ಹಚ್ಚಿದರೆ, ನಮ್ಮ ಮಾವ ಬಾನೆಟ್ ಎತ್ತಿ ಈ ಬೋಲ್ಟಿಗೆ ನೀರು ಚಿಮುಕಿಸಿ, ಮೂರು ಬೆರಳಲ್ಲಿ ವಿಭೂತಿ ಬಳಿಯುತ್ತಿದ್ದರು. "ಕರೆಂಟ್ ವಾಪಸ್ ಮನಿಗೆ ಬರೋ ಬಾಗಿಲು ಇದು" ಎಂಬ ಭಕ್ತಿ. ವರ್ಷಗಟ್ಟಲೆ ನೀರು ಕುಡಿದು ಬಾಗಿಲಿಗೆ ತುಕ್ಕು ಹಿಡಿದಿತ್ತು, ಕೇಬಲ್ಲಿನ ತಾಮ್ರ ಒಳಗೇ ಹಸಿರುಗಟ್ಟಿತ್ತು.

"ವಿಭೂತಿನ ದೇವ್ರು ಬ್ಯಾಡ ಅನ್ನಲ್ಲ, ಬೋಲ್ಟ್ ಅಂತೈತೆ" ಎಂದರು ಅತ್ತೆ.

ದಪ್ಪನೆಯ ಹೊಸ ಕೇಬಲ್ ಬಂತು. ಬೋಲ್ಟಿನ ಜಾಗವನ್ನು ಮಾವ ಉಪ್ಪುಕಾಗದದಿಂದ ಬೆಳ್ಳಿಯಂತೆ ತಿಕ್ಕಿ, ಬಿಗಿದು, ತಲೆಯಾಡಿಸಿದರು. ಕೀ ತಿರುವಿದ್ದೇ ತಡ, ಎಂಜಿನ್ ಗುಡುಗಿತು! ಮೀಟರಿನಲ್ಲಿ ಹದಿನಾಲ್ಕು ಪಾಯಿಂಟ್ ಎರಡು ವೋಲ್ಟ್, ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗುತ್ತಿದೆ ಎಂಬ ಲೆಕ್ಕ. ಮಾವ ಅದನ್ನು ಬೀದಿಗೆಲ್ಲ ತೋರಿಸಿದರು. ತರಕಾರಿಯವಳ ಮುಂದೂ ಹಿಡಿದರು. ಆಕೆ ಏನೆಂದು ತಿಳಿದಳೋ, ಕೈಮುಗಿದು ಮುಂದೆ ಹೋದಳು.

ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಬಾತಿ ಬಂತು, ಬಾತಿ ಹೋಯಿತು! ಮಾವ ಸುಮ್ಮಸುಮ್ಮನೆ ಹಾರನ್ ಬಾರಿಸಿದರು. ಷಡ್ಡಕನ ಮನೆಯವರಿಗೆಲ್ಲ ಕೇಬಲ್ ಕಥೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ತಾಲೀಮು ನಡೆಸಿದರು.

ಹರಿಹರದಲ್ಲಿ ಅಕ್ಕ ಮಂಚದಿಂದ ಏಳಲಾರದೆ ಕೈ ಚಾಚಿದರು. "ಐದು ತಿಂಗಳಾತು. ನನ್ನ ಮರ್ತೇಬಿಟ್ಟಿ ಅಂದ್ಕಂಡಿದ್ದೆ."

ಅತ್ತೆ ಮಂಚದ ಅಂಚಿಗೆ ಕೂತು ಆ ಕೈ ಹಿಡಿದರು. ಕಥೆಗೆ ಸಜ್ಜಾಗಿದ್ದ ಮಾವ ಮೀಟರನ್ನು ಜೇಬಿಗಿಳಿಸಿದರು.

"ಅವಳ್ದೇನೂ ತಪ್ಪಿಲ್ರಿ ಅಕ್ಕಾರೆ. ತಪ್ಪು ನಂದು."

ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.  ಅಕ್ಕ ತಂಗಿಯ ಕೈ ಬಿಡದೆಯೇ ಮಾವನತ್ತ ತಿರುಗಿದರು.

"ಕರ್ಕಂಡು ಬಂದ್ರಲ್ಲ, ಸಾಕು. ಕೂಡ್ರಿ."