ಪಕ್ಕದ ಮನೆ ಗರಾಜಿನ ಮದ್ದು

ನಾನು ಯಾರ ಸುದ್ದಿಗೂ ಹೋಗುವವಳಲ್ಲ. ಸುದ್ದಿಯೇ ಬೇಲಿ ಹಾರಿ ನನ್ನ ಹತ್ತಿರ ಬರುತ್ತದೆ. ಅಮೆರಿಕದಲ್ಲಿ ನಾವಿದ್ದ ಕೆಂಡಲ್ ಪಾರ್ಕ್ ಅನ್ನುವ ಊರಿನಲ್ಲಿ ಬೇಲಿಯೂ ಇಲ್ಲ, ಮನೆಯಿಂದ ಮನೆಗೆ ಬರೀ ಹುಲ್ಲು. ಹಾಗಾಗಿ ಇನ್ನೂ ಬೇಗ ಬರುತ್ತದೆ. ಇಸವಿ ಎಪ್ಪತ್ತೆರಡೋ ಎಪ್ಪತ್ತಮೂರೋ ಇರಬೇಕು, ಆ ಬೇಸಿಗೆಯಲ್ಲಿ ಬಂದದ್ದನ್ನೆಲ್ಲ ಬರೆಯುತ್ತೇನೆ. ಅಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

೧. ಬೇಸಿಗೆಯ ಫರ್ನೆಸ್

ಗಂಡ ತೀರಿಕೊಂಡ ಮೇಲೆ ತಮ್ಮ ನನ್ನನ್ನು ಕರೆಸಿಕೊಂಡಿದ್ದ. ಅವನು ಇಂಜಿನಿಯರು, ವಾರವಿಡೀ ಬಸ್ಸಿನಲ್ಲಿ ಮ್ಯಾನ್‌ಹಟನ್‌ಗೆ ಹೋಗಿಬರುತ್ತಿದ್ದ. ಹೆಂಡತಿ ಮೈಸೂರಿನವಳು, ಮದುವೆಯಾಗಿ ಎರಡು ವರ್ಷ. ಎಲ್ಲ ಸರಿಯಾಗಿತ್ತು. ಇದ್ದಕ್ಕಿದ್ದ ಹಾಗೆ ಇವನು ಪ್ರತಿ ಶನಿವಾರ ಕಾಫಿ ಕುಡಿದು ಪಕ್ಕದ ಮನೆಯ ಗರಾಜು ಸೇರಲು ಶುರುಮಾಡಿದ.

ಪಕ್ಕದ ಮನೆಯಲ್ಲಿದ್ದದ್ದು ಒಬ್ಬಳೇ ಅಮೆರಿಕನ್ ವಿಧವೆ. ಗರಾಜಿನ ಬಾಗಿಲು ಮುಚ್ಚಿರುತ್ತಿತ್ತು. ಒಳಗಿಂದ 'ಕರ್ರ್... ಟಕ್, ಕರ್ರ್... ಟಕ್' ಅಂತ ಸದ್ದು. ಎರಡು ಗಂಟೆ ಬಿಟ್ಟು ಬರುವವನು ಯಾರನ್ನೂ ಮಾತಾಡಿಸದೆ ಮೊಣಕೈ ತನಕ ಎರಡು ಸಲ ಸೋಪು ಹಾಕಿ ತೊಳೆಯುತ್ತಿದ್ದ.

"ಅಲ್ಲೇನು ಮಾಡ್ತೀರಿ?" ಅಂತ ಹೆಂಡತಿ ಕೇಳಿದಳು.

"ಫರ್ನೆಸ್ ಕೆಟ್ಟಿದೆ, ರಿಪೇರಿ ಮಾಡಿಕೊಡ್ತಿದೀನಿ."

ಜೂನ್ ತಿಂಗಳು! ಬೆವರಲ್ಲಿ ರವಿಕೆ ಬೆನ್ನಿಗಂಟುವ ಸೆಕೆಯಲ್ಲಿ ಮನೆ ಬಿಸಿಮಾಡುವ ಫರ್ನೆಸ್ ಯಾರಿಗೆ ಬೇಕು? ನಾನೇನೂ ಚಾಡಿ ಹೇಳಲಿಲ್ಲ. "ಗಂಡಸರು ಮನೆಗೆ ಬಂದ ಕೂಡಲೇ ಇಷ್ಟು ಕೈ ತೊಳೆಯೋದನ್ನ ನಾನು ಎಲ್ಲೂ ನೋಡಿಲ್ಲಮ್ಮ" ಅಂದೆ, ಅಷ್ಟೇ. ಆಮೇಲೆ ನಮ್ಮೂರಲ್ಲೇ ಇದ್ದ, ಧಾರವಾಡ ಕಡೆಯ ಡಾಕ್ಟರ ಹೆಂಡತಿಗೆ ಒಂದು ಫೋನು ಮಾಡಿದೆ. ಕಷ್ಟಸುಖ ಹೇಳಿಕೊಳ್ಳಬಾರದೇ?

"ಅಯ್ಯ ಶಿವನ! ಆಕಿಗೆ ವಯಸ್ಸೆಷ್ಟರೀ?"

"ಅರವತ್ತು ದಾಟಿದೆ."

"ಹಂಗಾದ್ರ ಇನ್ನೂ ಘಾತ ಬಿಡ್ರಿ, ಅನುಭವಸ್ಥಳು!"

ಈ ಮಾತು ಊರೆಲ್ಲ ಸುತ್ತಿ ಎರಡೇ ದಿನದಲ್ಲಿ ತಮ್ಮನ ಹೆಂಡತಿಯ ಕಿವಿಗೆ ಬಂತು. ಅವಳು ಮಂಚದ ಕೆಳಗಿಂದ ಸೂಟ್‌ಕೇಸ್ ಎಳೆದು ಧೂಳು ಒರೆಸಿದಳು. "ಅಕ್ಕಾ, ಈ ತಿಂಗಳು ನೋಡ್ತೀನಿ. ಅಲ್ಲಿಗೆ ಹೋಗೋದು ನಿಲ್ಲಿಸದಿದ್ರೆ ನಾನು ಮೈಸೂರಿಗೆ ಹೊರಟೆ. ಮತ್ತೆ ಬರೋದಿಲ್ಲ."

ಇಷ್ಟಕ್ಕೂ ನಾನು ಹೇಳಿದ್ದು ಬರೀ ಸೋಪಿನ ವಿಷಯ.

೨. ಚಕ್ಕುಲಿಗೆ ಪ್ರವೇಶವಿಲ್ಲ

ಮನೆ ಮುರಿಯುವ ಮೊದಲು ನಿಜ ತಿಳಿಯಬೇಕಲ್ಲ. ಮುಂದಿನ ಶನಿವಾರ ತಟ್ಟೆ ತುಂಬ ಚಕ್ಕುಲಿ ಹಿಡಿದು ಗರಾಜಿನ ಪಕ್ಕದ ಬಾಗಿಲು ತಳ್ಳಿಯೇಬಿಟ್ಟೆ. ಏನು ನೋಡಬೇಕಾಗುತ್ತೋ ಅಂತ ಒಂದು ಕಣ್ಣು ಮುಚ್ಚಿಕೊಂಡಿದ್ದೆ. ಇನ್ನೊಂದು ಕಣ್ಣು ಚೆನ್ನಾಗಿ ತೆರೆದಿತ್ತು.

ಮುದುಕಿ ಒಂದು ಮೇಜಿನ ಮುಂದೆ, ನಮ್ಮವನು ಅವಳ ಪಕ್ಕದಲ್ಲಿ. ಇಬ್ಬರಿಗೂ ಕಣ್ಣಿಗೆ ಏನೂ ಸಿಡಿಯದ ಹಾಗೆ ಹಾಕುವ ದಪ್ಪ ಕನ್ನಡಕ. ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಒಂದು ಯಂತ್ರ, ಶ್ಯಾವಿಗೆ ಒತ್ತಿನ ಹಾಗೆ ಉದ್ದ ಹಿಡಿ. ಅದನ್ನೊತ್ತಿದರೆ ಅದೇ 'ಕರ್ರ್... ಟಕ್'.

ನಾನು ಬಾಯಿ ತೆರೆಯುವ ಮೊದಲೇ ಮುದುಕಿ ಎದ್ದು ಬಂದು ನನ್ನ ಮೂಗಿಗೂ ಒಂದು ಕನ್ನಡಕ ಏರಿಸಿದಳು. ಚಕ್ಕುಲಿ ತಟ್ಟೆ ಕಿತ್ತುಕೊಂಡು ಹೊರಗಿಟ್ಟಳು. ತುಟಿಯ ಮೇಲೆ ಬೆರಳಿಟ್ಟಳು.

ತಮ್ಮ ಪಿಸುಗುಟ್ಟಿದ: "ಅಕ್ಕಾ, ಇದು ಪಿಸ್ತೂಲಿನ ಗುಂಡು ತುಂಬೋ ಯಂತ್ರ. ಇವರು ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಹೊಡೀತಾರೆ. ಅಂಗಡಿ ಗುಂಡು ಜೋರು, ಇವರ ಮಣಿಕಟ್ಟು ನೋಯುತ್ತೆ. ಅದಕ್ಕೇ ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಚಿಪ್ಪು ಇಟ್ಟುಕೊಂಡು, ಮೆತ್ತಗಿರೋ ಹಾಗೆ ಮತ್ತೆ ತುಂಬ್ಕೋತಾರೆ. ಬುಡಕ್ಕೆ ಕಿಡಿ ಕೊಡೋ ಪುಟ್ಟ ಟೋಪಿ, ಒಳಗೆ ಮದ್ದು, ಮೇಲೆ ಸೀಸ. ನಾನು ಹಿಡಿ ಒತ್ತಿಕೊಡ್ತಾ ಕಲೀತಿದೀನಿ."

"ಇದನ್ನ ಹೆಂಡತಿಗೆ ಹೇಳೋಕೇನೋ ರೋಗ?"

"ಸುರುಸುರುಬತ್ತಿ ಹಚ್ಚಿದ್ರೆ ಕೋಣೆ ಸೇರ್ಕೊಳ್ಳೋಳು ಅವಳು. ಪಕ್ಕದ ಮನೇಲಿ ಗುಂಡು ತುಂಬ್ತಾರೆ ಅಂದ್ರೆ ಮನೆ ಬಿಟ್ಟೇ ಹೋಗ್ತಾಳೆ. ನೀನೂ ಹೇಳಬಾರದು, ಆಣೆ ಹಾಕು."

"ಹೇಳದೇ ಇದ್ರೂ ಹೋಗ್ತಾಳೆ ಕಣೋ!"

ಮುದುಕಿ ಮೇಜು ಕುಟ್ಟಿ "ನೋ ಟಾಕಿಂಗ್!" ಅಂದಳು. ಮಾತಿನಲ್ಲಿ ಮೈಮರೆತರೆ ಒಂದೇ ಚಿಪ್ಪಿಗೆ ಎರಡು ಸಲ ಮದ್ದು ಬೀಳುತ್ತದಂತೆ, ಆಮೇಲೆ ಪಿಸ್ತೂಲು ಕೈಯಲ್ಲೇ ಸಿಡಿಯುತ್ತದಂತೆ. ಆಣೆ ಹಾಕಿ ಒಂದು ಗಂಟೆ ಬಾಯಿ ಮುಚ್ಚಿ ಕೂತಿದ್ದೆ. ಮನೆಗೆ ಬಂದಾಗ ತಮ್ಮನ ಹೆಂಡತಿ ಹಣೆ ಮುಟ್ಟಿ ನೋಡಿ, "ಜ್ವರಾನಾ ಅಕ್ಕಾ?" ಅಂದಳು.

೩. ಅರ್ಧ ಕಾಳು

ಆಣೆ ಹಾಕಿದ ಮೇಲೆ ನೋಡಲಾದರೂ ಬಿಡಬೇಕಲ್ಲ. ಮರುವಾರವೂ ಹೋದೆ.

ಮುದುಕಿ ಒಂದು ದಪ್ಪ ಪುಸ್ತಕ ತೆರೆದು ಬೆರಳಿಟ್ಟು ಓದಿದಳು. ಮದ್ದು ಎಷ್ಟು ಹಾಕಬೇಕೆಂದು ಅದರಲ್ಲೇ ನೋಡಬೇಕು. ಕಣ್ಣಳತೆ ಇಲ್ಲ, ಗೆಳೆಯ ಹೇಳಿದ ಅನ್ನುವುದೂ ಇಲ್ಲ. "ನಾಲ್ಕೂವರೆ ಗ್ರೇನ್" ಅಂದಳು. ಗ್ರೇನ್ ಅಂದರೇನೋ ಅಂತ ತಮ್ಮನನ್ನು ಕೇಳಿದೆ. "ಕಾಳು" ಅಂದ.

ನಾನು ತಟ್ಟೆಯಲ್ಲಿದ್ದ ಕರೀ ಮದ್ದನ್ನು ಬಗ್ಗಿ ನೋಡಿದೆ. ಗಸಗಸೆಗಿಂತ ಸಣ್ಣ. ನಾಲ್ಕು ಕಾಳು ಎಣಿಸಿ ಹಾಕಬಹುದು. ಉಳಿದ ಅರ್ಧ?

"ಆ ಅರ್ಧ ಕಾಳನ್ನ ಯಾವುದರಲ್ಲೋ ಕತ್ತರಿಸೋದು? ಅಡಕತ್ತರಿ ತರಲಾ?"

ತಮ್ಮ ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಮುದುಕಿ ಕೆಮ್ಮು ಬರುವ ತನಕ ನಕ್ಕಳು. ಗ್ರೇನ್ ಅನ್ನುವುದು ಎಣಿಸುವ ಕಾಳಲ್ಲವಂತೆ, ತೂಕವಂತೆ. ಅಕ್ಕಸಾಲಿ ಗುಲಗಂಜಿಯಲ್ಲಿ ತೂಗುವುದಿಲ್ಲವೇ, ಹಾಗೆ. ಪುಟ್ಟ ತಕ್ಕಡಿ ಮುಂದಿಟ್ಟಳು. ಅದು ಎಂಥ ತಕ್ಕಡಿ ಅಂದರೆ ನಾನು ಒಂದು ನಿಟ್ಟುಸಿರು ಬಿಟ್ಟದ್ದಕ್ಕೇ ಮುಳ್ಳು ಓಲಾಡಿತು.

"ನಿಮ್ಮಕ್ಕ ಉಸಿರಾಡೋದನ್ನೂ ನಿಲ್ಲಿಸಬೇಕು" ಅಂದಳಂತೆ.

೪. ಮುದುಕಿಯ ಮಡಿ

ನಮ್ಮತ್ತೆಯ ಮಡಿ ಕಂಡವಳು ನಾನು. ಈ ಮುದುಕಿಯ ಮುಂದೆ ಅದು ಏನೂ ಅಲ್ಲ. ಕೆಲಸಕ್ಕೆ ಕೂರುವ ಮೊದಲು ಫೋನಿನ ರಿಸೀವರ್ ತೆಗೆದು ಪಕ್ಕಕ್ಕಿಡುವಳು. ಬೆಂಕಿಕಡ್ಡಿ, ಸಿಗರೇಟು ಹತ್ತಿರ ಬರಕೂಡದು. ಗರಾಜಿನಲ್ಲಿ ಎಂಜಲು ಮಾಡುವ ಹಾಗಿಲ್ಲ. ಸೀಸ ವಿಷ, ಮುಟ್ಟಿದ ಕೈ ಬಾಯಿಗೆ ಹೋಗಬಾರದು. ಸೋಪಿನ ಗುಟ್ಟು ಆಗ ನನಗೆ ತಿಳಿಯಿತು.

ಮೇಜಿನ ಮೇಲೆ ಮದ್ದಿನ ಡಬ್ಬಿ ಒಂದೇ ಇರಬೇಕು. ನಾನು ಉಪಕಾರ ಮಾಡೋಣ ಅಂತ ತಟ್ಟೆಯಲ್ಲಿ ಉಳಿದಿದ್ದನ್ನು ಕಪಾಟಿನಲ್ಲಿದ್ದ ಬೇರೆ ಡಬ್ಬಿಗೆ ಸುರಿದೆ. ಅದೂ ಕರೀದು, ಇದೂ ಕರೀದು!

ಮುದುಕಿ ಕಿರುಚಿದ ಕಿರುಚಿಗೆ ಎದುರು ಮನೆ ನಾಯಿ ಬೊಗಳಿತು. ಒಂದು ಮದ್ದಿನ ಬಲ ಇನ್ನೊಂದಕ್ಕಿಲ್ಲವಂತೆ, ಬೆರೆತರೆ ಅದು ಯಾವುದೆಂದು ದೇವರಿಗೂ ಗೊತ್ತಾಗದಂತೆ. ಮುಕ್ಕಾಲು ಡಬ್ಬಿಯಷ್ಟಿದ್ದ ಆ ಮದ್ದನ್ನು ಹೊರಗೆ ಒಯ್ದು ಹುಲ್ಲಿನ ಮೇಲೆ ಎರಚಿಬಿಟ್ಟಳು. ಅದು ಒಳ್ಳೇ ಗೊಬ್ಬರವಂತೆ.

ಕರಿಬೇವಿನ ಕುಂಡಕ್ಕೆ ಒಂದು ಹಿಡಿ ಕೊಡ್ತೀರಾ ಅಂತ ಕೇಳೋಣ ಅಂದುಕೊಂಡೆ. ಅವಳ ಮುಖ ನೋಡಿ ಮನೆ ಕಡೆ ಹೆಜ್ಜೆ ಹಾಕಿದೆ.

೫. ಯಾರಿಗೆ ಮದ್ದು?

ತಿಂಗಳ ಕೊನೆಯ ಶನಿವಾರ. ತಮ್ಮ ಆಗಲೇ ಗರಾಜು ಸೇರಿದ್ದ. ಸೂಟ್‌ಕೇಸ್ ಬಾಗಿಲಿಗೆ ಬಂದಿತ್ತು, ಅದರ ಮೇಲೆ ತಮ್ಮನ ಹೆಂಡತಿ ಅಳುತ್ತಾ ಕೂತಿದ್ದಳು. ಆಣೆಯೋ ಗೀಣೆಯೋ, ನನ್ನ ಕೈಲಿ ತಡೆಯಲಾಗಲಿಲ್ಲ.

"ಅಳಬೇಡ್ವೇ. ಆ ಮುದುಕಿ ಅಂಥವಳಲ್ಲ. ಇವನಿಗೆ ಮದ್ದು ಹಾಕೋದು ಹೇಳಿಕೊಡ್ತಿದಾಳೆ, ಅಷ್ಟೇ."

ಅಳು ಗಕ್ಕನೆ ನಿಂತಿತು. "ಮದ್ದು ಹಾಕೋದಾ?"

"ಹೂಂ. ತೂಕ ಮಾಡಿ, ಒಂದು ಚೂರೂ ಹೆಚ್ಚಾಗದ ಹಾಗೆ. ಹೆಚ್ಚಾದ್ರೆ ಪ್ರಾಣಕ್ಕೇ ಅಪಾಯ."

"ಅಯ್ಯೋ! ಅದಕ್ಕೇ ಅಷ್ಟು ಕೈ ತೊಳೀತಿದ್ರಾ?"

"ಮತ್ತೆ? ವಿಷ ಅಲ್ವೇನೇ!"

ಅವಳು ಹೊಟ್ಟೆ ಹಿಡಿದುಕೊಂಡು ಎದ್ದಳು. "ಇವತ್ತು ಬೆಳಿಗ್ಗೆ ನನಗೆ ಕಾಫಿ ಬೆರೆಸಿಕೊಟ್ಟಿದ್ದೂ ಅವರೇ ಅಕ್ಕಾ!"

ಆಗ ನನ್ನ ತಲೆಗೆ ಹೊಳೆಯಿತು. ನಾನು ಹೇಳಿದ್ದು ಗುಂಡಿನ ಮದ್ದು. ಅವಳಿಗೆ ಕೇಳಿಸಿದ್ದು ಊಟದಲ್ಲಿ ಗುಟ್ಟಾಗಿ ಕಲೆಸಿ ಹೆಂಡತಿಯನ್ನು ಮುಗಿಸುವ ಮದ್ದು. "ಅಲ್ವೇ, ಚಿಪ್ಪಿಗೆ ಕಣೇ, ಚಿಪ್ಪಿಗೆ!" ಅಂತ ಕೂಗುವಷ್ಟರಲ್ಲಿ ಅವಳು ಬರಿಗಾಲಲ್ಲಿ ಹುಲ್ಲು ದಾಟಿಯಾಗಿತ್ತು.

ನಾನೂ ಹಿಂದೆಯೇ ಓಡಿದೆ. ಗರಾಜಿನ ಬಾಗಿಲು ಧಡಾರೆಂದಿತು. ತಮ್ಮ ಮದ್ದಿನ ಅಳತೆ ಚಮಚ ಹಿಡಿದು ನಿಂತಲ್ಲೇ ಬೆಚ್ಚಿದ. ಅವನ ಮುಂದೆ ಅಳಗುಳಿಮಣೆಯ ಹಾಗೆ ಗುಳಿಗುಳಿಯ ಮರದ ಹಲಗೆ, ಅದರಲ್ಲಿ ಐವತ್ತು ಚಿಪ್ಪು. ಮುದುಕಿ ಒಂದು ಮಾತೂ ಕೇಳದೆ, ಅಳುತ್ತಿದ್ದ ಹೆಂಗಸಿನ ಮೂಗಿಗೆ ಕನ್ನಡಕ ಏರಿಸಿ ತುಟಿಯ ಮೇಲೆ ಬೆರಳಿಟ್ಟಳು.

"ಇದೇನಾ ಮದ್ದು?" ಅಂದಳು ಇವಳು.

"ಇದೇ ಕಣೇ" ಅಂದ ಅವನು. ಎಲ್ಲ ಒಪ್ಪಿಸಿದ: ಕ್ಲಬ್ಬು, ಕಾಗದದ ಗುರಿ, ಮುದುಕಿಯ ಮಣಿಕಟ್ಟು, ಫರ್ನೆಸ್ಸಿನ ಸುಳ್ಳು. ಮುದುಕಿ ಬಾಗಿಲು ಭದ್ರಪಡಿಸಿ ಬರುವಷ್ಟರಲ್ಲಿ ಮಾತಿನ ಗಡಿಬಿಡಿಯಲ್ಲೇ ಉಳಿದ ಚಿಪ್ಪುಗಳಿಗೂ ಮದ್ದು ಸುರಿದು ಮುಗಿಸಿದ. ಟಾರ್ಚು ಬಿಟ್ಟು ಒಂದು ಸಲ ಬಗ್ಗಿ ನೋಡಿ "ಓಕೆ" ಅಂದ.

ಸೀಸ ಕೂರಿಸುವ ಮೊದಲು ಎರಡನೆಯವರೊಬ್ಬರು ನೋಡಲೇಬೇಕು ಅನ್ನುವುದು ಮುದುಕಿಯ ನೇಮ. ಅವಳು ಟಾರ್ಚನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟಳು. ಇವಳು ಮೂಗು ಒರೆಸಿಕೊಂಡು ಸಾಲು ಸಾಲಾಗಿ ನೋಡುತ್ತಾ ಹೋದಳು. ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣು ಅದು. ಮೂರನೇ ಸಾಲಿನಲ್ಲಿ ನಿಂತಳು.

"ಇದರಲ್ಲಿ ಜಾಸ್ತಿ ಇದೆ."

ಮುದುಕಿ ಅದನ್ನು ತಕ್ಕಡಿಗೆ ಸುರಿದಳು. ಸರಿಯಾಗಿ ಎರಡು ಪಾಲು. ಬಾಗಿಲು ಧಡಾರೆಂದಾಗ ಲೆಕ್ಕ ತಪ್ಪಿ ಒಂದಕ್ಕೇ ಎರಡು ಸಲ ಹಾಕಿದ್ದ. ಮಧ್ಯೆ ಯಾರಾದರೂ ಬಂದರೆ ಎಲ್ಲವನ್ನೂ ಬರಿದು ಮಾಡಿ ಮೊದಲಿಂದ ಶುರುಮಾಡಬೇಕೆಂದು ಅವಳು ನೂರು ಸಲ ಹೇಳಿದ್ದಳಂತೆ. ಆ ಮಧ್ಯಾಹ್ನ ಕ್ಲಬ್ಬಿನಲ್ಲಿ ಮೊದಲ ಸಲ ಪಿಸ್ತೂಲು ಹಿಡಿಯಬೇಕಿದ್ದವನು ಇವನೇ. ಸಿಡಿದಿದ್ದರೆ ಹೋಗುತ್ತಿದ್ದದ್ದು ಇವನದೇ ಕೈ, ಇವನದೇ ಕಣ್ಣು. ತಮ್ಮ ಕುರ್ಚಿ ಎಳೆದುಕೊಂಡು ಕೂತ.

ಮುದುಕಿ ಅವನನ್ನು ಕುರ್ಚಿಯಿಂದ ಎಬ್ಬಿಸಿ ಅವನ ಹೆಂಡತಿಯನ್ನು ಅಲ್ಲಿ ಕೂರಿಸಿದಳು. ಅಳತೆ ಚಮಚವನ್ನೂ ಅವಳ ಕೈಗೇ ಇಟ್ಟಳು.

ಅವಳು ಕನ್ನಡಕ ಸರಿಮಾಡಿಕೊಂಡು, ಗಂಡನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: "ಇನ್ಮೇಲೆ ಇವರಿಗೆ ಮದ್ದು ನಾನೇ ಹಾಕ್ತೀನಿ."

ಏನಂದಳು ಅಂತ ಮುದುಕಿ ತಮ್ಮನನ್ನು ಕೇಳಿದಳು. ಅವನು ಹೆಂಡತಿಯ ಮುಖ ನೋಡಿದ, ತಕ್ಕಡಿಯಲ್ಲಿದ್ದ ಮದ್ದು ನೋಡಿದ, ಮತ್ತೆ ಹೆಂಡತಿಯ ಮುಖ ನೋಡಿದ.

"ಊರಿಗೆ ಹೋಗೋದಿಲ್ಲವಂತೆ" ಅಂದ.