ಬುಲ್ಲಿನ ಬೇರು, ಮಾವನ ಹೋರಿ

ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುವುದು ನನ್ನಿಂದ ಆಗುವ ಕೆಲಸವಲ್ಲ. ಆಂಧ್ರದ ಗಡಿಯ ಕೌತಾಳಂ ಕಡೆಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತ ಹತ್ತಿದ ಚಟ ಇದು. ಮಕ್ಕಳಾದರೆ ಗಂಟೆ ಹೊಡೆದ ಕೂಡಲೇ ಪಾರಾಗುತ್ತಾರೆ. ಮನೆಯವರಿಗೆ ಆ ಗಂಟೆಯೂ ಇಲ್ಲ.

ಹೋದ ಮುಂಗಾರಿಗೆ ಮುಂಚೆ ನನ್ನ ಹೆಂಡತಿಯ ತಂದೆಯ ಜೊತೆ ದನದ ಸಂತೆಗೆ ಹೋಗಿದ್ದೆ. ಅವರ ಜೋಡೆತ್ತಿನಲ್ಲಿ ಒಂದಕ್ಕೆ ವಯಸ್ಸಾಗಿತ್ತು. ಇನ್ನೊಂದಕ್ಕೆ ಸರಿಜೋಡಿ ಸಿಗದಿದ್ದರೆ ಶೇಂಗಾ ಬಿತ್ತನೆ ನಿಲ್ಲುತ್ತಿತ್ತು. ತೆಲುಗು ಮಾತಿನವನೊಬ್ಬ ಎರಡು ಹೋರಿ ಮಾರಲು ತಂದಿದ್ದ. ಮಾವ ಎತ್ತರದ ಬಿಳಿ ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡತೊಡಗಿದರು. ನಾನು ಮಾರುವವನಿಗೆ ಪಾಠ ಶುರು ಮಾಡಿದೆ.

"ಇದಕ್ಕ ಇಂಗ್ಲಿಷಿನಾಗ ಬುಲ್ ಅಂತಾರ. ಜರ್ಮನಿಯವರ್ದು, ಡಚ್ಚರ್ದು ಹೆಚ್ಚುಕಡಿಮಿ ಅದ ಮಾತು. ಅದರ ಬೇರಿಗೆ ಉಬ್ಬೋದು ಅಂತ ಅರ್ಥ ಅನ್ನೋರು ಕೆಲವ್ರು. ಇಲ್ಲ, ಗುಟುರು ಹಾಕೋದು ಅನ್ನೋರು ಇನ್ನ ಕೆಲವ್ರು. ಜಗಳ ಇನ್ನಾ ಮುಗಿದಿಲ್ಲ."

"ಅವುನಾ ಸಾರ್?" ಎಂದು ಆತ ಬಾಯಿ ತೆರೆದು ಕೇಳಿದ. ಅಂಥ ವಿದ್ಯಾರ್ಥಿ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕೇಳುತ್ತ ಕೇಳುತ್ತ ಇನ್ನೊಂದು ಹೋರಿಯ ಹಗ್ಗವನ್ನು ನನ್ನತ್ತ ಚಾಚಿದ. ನಾನೂ ಸೌಜನ್ಯಕ್ಕೆ ಹಿಡಿದುಕೊಂಡೆ.

"ಬೇರಂ ಅಯಿಪೋಯಿಂದಿ!" ಎಂದು, ವ್ಯಾಪಾರ ಕುದುರಿತೆಂದು ತೆಲುಗಿನಲ್ಲಿ ಕೂಗಿಯೇಬಿಟ್ಟ.

ನಮ್ಮ ಸಂತೆಯಲ್ಲಿ ಹಗ್ಗ ಕೈಗೆ ಬಂತೆಂದರೆ ವ್ಯಾಪಾರ ಮುಗಿದಂತೆ. ಆಡಿದ ಮಾತಿಗಾದರೂ ತಪ್ಪಬಹುದು, ಹಿಡಿದ ಹಗ್ಗ ಹಿಂದಕ್ಕೆ ಕೊಡುವಂತಿಲ್ಲ. ಇದು ನನಗೂ ಗೊತ್ತಿತ್ತು, ಪಾಠದ ಭರದಲ್ಲಿ ಮರೆತಿದ್ದೆ. ಹಗ್ಗದ ಆ ತುದಿಯಲ್ಲಿ ಮಾವನ ಎತ್ತಿಗಿಂತ ಒಂದು ಗೇಣು ಗಿಡ್ಡನೆಯ, ನಿದ್ದೆಗಣ್ಣಿನ ಕಂದು ಹೋರಿ ನಿಂತಿತ್ತು.

ಮಾವ ಬಿಳಿ ಹೋರಿಯ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದರು. "ಅಳಿಯಂದ್ರ, ಪಾಠ ಮುಗೀತೋ, ಇನ್ನಾ ಐತೋ? ಆತನ ಹತ್ರ ಒಂದು ಎಮ್ಮಿನೂ ಐತಿ."

ಬಿತ್ತನೆಯ ದಿನದವರೆಗೂ ನನಗೆ ಅನ್ನ ರುಚಿಸಲಿಲ್ಲ. ನನ್ನ ಬಾಯಿಯಿಂದ ಅವರ ಹೊಲ ಬೀಳು ಬಿದ್ದರೆ ಯಾವ ಮುಖ ಹೊತ್ತು ಮಾವನ ಮನೆಗೆ ಹೋಗುವುದು? ಮಾವ ಮಾತ್ರ ಗಿಡ್ಡನ ಕಡೆ ನೊಗದಡಿ ಗೋಣಿ ಸುತ್ತಿ ಎತ್ತರ ಸರಿಮಾಡಿ ಹೂಡಿದರು. ಆ ನಿದ್ದೆಗಣ್ಣಿನ ಪ್ರಾಣಿ ಮೂರು ದಿನ ಕಮಕ್ ಕಿಮಕ್ ಎನ್ನದೆ ಇಡೀ ಹೊಲ ಬಿತ್ತಿ ಮುಗಿಸಿತು. ನನಗೆ ಹೋದ ಜೀವ ಬಂತು.

ಊಟಕ್ಕೆ ಕೂತಾಗ ಎದೆ ಸೆಟೆಸಿ, ಓಣಿಗೆಲ್ಲ ಕೇಳುವಂತೆ ಹೇಳಿದೆ: "ನೋಡಿದ್ರ್ಯಾ ಮಾವಾ, ನಾ ಆರಿಸಿದ ಹೋರಿ!"

ಮಾವ ರೊಟ್ಟಿ ಮುರಿಯುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದು ಉಬ್ಬಂಗಿಲ್ಲ, ಗುಟುರೂ ಹಾಕಂಗಿಲ್ಲ. ಆ ಇಂಗ್ಲಿಷ್ ಮಾತು ಹುಟ್ಟಿಸಿದವ್ರು ನಮ್ಮ ಹೋರಿ ನೋಡಿಲ್ಲ ಬಿಡ್ರಿ. ನಿಮ್ಮಂಥ ಅಳಿಯನ್ನ ನೋಡಿರಬೇಕು."

ವಿದ್ವಾಂಸರ ಜಗಳ ಹೀಗೆ ಮಾವನ ಅಡುಗೆಮನೆಯಲ್ಲಿ ಬಗೆಹರಿಯಿತು. ನಾನು ತಲೆತಗ್ಗಿಸಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.